ಜುಕಿನಿ ನೂಡಲ್ಸ್ ನೀರು ಬಿಡುತ್ತಿತ್ತು, ಸರಿಹೋಗಿದ್ದು ಹೀಗೆ

ಸೌತೆಕಾಯಿಯಂತೆ ಕಾಣುವ ಜುಕಿನಿಯನ್ನು ಉದ್ದ ಎಳೆಗಳಾಗಿ ಹೆಚ್ಚಿ ನೂಡಲ್ಸ್ ಮಾಡಿದಾಗಲೆಲ್ಲ ಒಂದೇ ತೊಂದರೆ. ಬಾಣಲೆಯಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ತಟ್ಟೆಗೆ ಹಾಕಿ ಐದು ನಿಮಿಷಕ್ಕೆ ಅಡಿಯಲ್ಲಿ ನೀರು ನಿಲ್ಲುತ್ತಿತ್ತು, ಎಳೆಗಳು ಮೆತ್ತಗಾಗಿ ಮುದ್ದೆಯಾಗುತ್ತಿದ್ದವು.

ಮಾಮೂಲಿ ನೂಡಲ್ಸ್ ತರಹ ಕುದಿಯುವ ನೀರಿಗೆ ಹಾಕಿದೆ, ಇನ್ನೂ ಕೆಟ್ಟಿತು. ಮುಚ್ಚಳ ಮುಚ್ಚಿ ಬೇಯಿಸಿದರೆ ಆವಿಯೆಲ್ಲ ಒಳಗೇ ಉಳಿಯಿತು. ಕಾರ್ನ್‌ಫ್ಲೋರ್ ಹಾಕಿದ್ದಕ್ಕೆ ಅಂಟು ಅಂಟು. ಜುಕಿನಿಯಲ್ಲಿ ಶೇ. 95ರಷ್ಟು ನೀರೇ ಅಲ್ವಾ, ಅದನ್ನು ಒಲೆಗೆ ಇಡುವ ಮೊದಲೇ ತೆಗೆಯಬೇಕು.

ಎಳಸಾದ, ಸಣ್ಣ ಕಾಯಿ 2 ತಗೊಳ್ಳಿ, ಸುಮಾರು 400 ಗ್ರಾಂ. ಸಿಪ್ಪೆ ಇರಲಿ, ಎಳೆಗೆ ಗಟ್ಟಿತನ ಬರುವುದೇ ಅದರಿಂದ. ಸ್ಪೈರಲೈಸರ್ (ತರಕಾರಿಯನ್ನು ಸುರುಳಿ ಎಳೆಗಳಾಗಿ ಹೆರೆಯುವ ಸಾಧನ) ಇಲ್ಲದಿದ್ದರೆ ಪೀಲರ್‌ನಿಂದ ಉದ್ದಕ್ಕೆ ಹೆರೆದು ಚಾಕುವಿನಿಂದ ಸೀಳಿ. ಬೀಜದ ತಿರುಳು ಕಂಡ ಕೂಡಲೇ ನಿಲ್ಲಿಸಿ. ಅದನ್ನು ಸಾಂಬಾರಿಗೆ ಹಾಕಬಹುದು. ಎಳೆಗಳಿಗೆ ಅರ್ಧ ಟೀ ಚಮಚ ಉಪ್ಪು ಸವರಿ ಜರಡಿಯಲ್ಲಿ 20 ನಿಮಿಷ ಬಿಡಿ. ತಿಳಿ ಹಸಿರು ನೀರು ಹನಿ ಹನಿಯಾಗಿ ಇಳಿಯುತ್ತದೆ. ತೊಳೆಯಬೇಡಿ. ಹತ್ತಿ ಬಟ್ಟೆಯಲ್ಲಿ ಸುತ್ತಿ ಮೆಲ್ಲಗೆ ಒತ್ತಿ. ಜೋರಾಗಿ ಹಿಂಡಿದರೆ ತುಂಡಾಗುತ್ತವೆ.

ಕಬ್ಬಿಣದ ಬಾಣಲೆ ಚೆನ್ನಾಗಿ ಕಾಯಬೇಕು. ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಆಮೇಲೆ ಎಳೆಗಳಲ್ಲಿ ಅರ್ಧದಷ್ಟು ಮಾತ್ರ. ಜಾಸ್ತಿ ತುಂಬಿದರೆ ಮತ್ತೆ ಬೆಂದು ನೀರಾಗುತ್ತದೆ. ಜೋರು ಉರಿ, ಮುಚ್ಚಳ ಬೇಡ, 90 ಸೆಕೆಂಡ್. ಚುಂಯ್ ಅನ್ನುವ ಸದ್ದು ನಿಂತರೆ ನೀರು ಬಿಡಲು ಶುರುವಾಗಿದೆ ಎಂದರ್ಥ, ತಕ್ಷಣ ಇಳಿಸಿ. ಟೊಮೆಟೊ ಸಾಸನ್ನು ಬೇರೆ ಪಾತ್ರೆಯಲ್ಲಿ ಗಟ್ಟಿಯಾಗುವವರೆಗೆ ಕುದಿಸಿ, ತಿನ್ನುವ ಹೊತ್ತಿಗೆ ತಟ್ಟೆಯಲ್ಲೇ ಕಲಸಿ. ಸಾಸಿಗೆ ಉಪ್ಪು ಹಾಕಬೇಡಿ, ಎಳೆಯಲ್ಲಿರುವುದೇ ಸಾಕು.