ಪಿಡಿ-ಎಲ್1 ಪಟ್ಟಿ: ವೆಸ್ಟರ್ನ್ ಬ್ಲಾಟ್‌ನಲ್ಲಿ ಗುರುತಿಸುವುದು ಹೇಗೆ?

ರೋಗನಿರೋಧಕ ವ್ಯವಸ್ಥೆಯ ಟಿ-ಕೋಶಗಳ ದಾಳಿಗೆ ಕಡಿವಾಣ ಹಾಕುವ ಪ್ರೋಟೀನ್ ಪಿಡಿ-ಎಲ್1. ಪ್ರೋಟೀನುಗಳನ್ನು ಜೆಲ್‌ನಲ್ಲಿ ತೂಕದಂತೆ ಬೇರ್ಪಡಿಸಿ, ಪೊರೆಯ ಹಾಳೆಗೆ ವರ್ಗಾಯಿಸಿ, ಬೇಕಾದದ್ದಕ್ಕೆ ಅಂಟುವ ಆಂಟಿಬಾಡಿಯಿಂದ ಪತ್ತೆಹಚ್ಚುವ ವಿಧಾನವೇ ವೆಸ್ಟರ್ನ್ ಬ್ಲಾಟ್. ಅಮೈನೋ ಆಮ್ಲಗಳ ಲೆಕ್ಕದಲ್ಲಿ ಇದರ ತೂಕ ಸುಮಾರು 33 ಕಿಲೋಡಾಲ್ಟನ್. ಆದರೆ ಜೆಲ್‌ನಲ್ಲಿ ಅದು 45ರಿಂದ 55ರ ನಡುವೆ, ಅಗಲವಾಗಿ ಹರಡಿದ ಪಟ್ಟಿಯಾಗಿ ಕಾಣಿಸುತ್ತದೆ. ಮೈಮೇಲೆ ಅಂಟಿರುವ ಸಕ್ಕರೆ ಸರಪಳಿಗಳೇ ಇದಕ್ಕೆ ಕಾರಣ. 33ರಲ್ಲಿ ಚೊಕ್ಕವಾದ ಗೆರೆ ಕಂಡೊಡನೆ ಸಿಕ್ಕಿತೆಂದು ಸಂಭ್ರಮಿಸುವವರು ಬಹಳ, ಅನುಮಾನಪಡಬೇಕಾದದ್ದು ಅಲ್ಲೇ.

ಆಂಟಿಬಾಡಿ ಆರಿಸುವಾಗ ಮೊದಲು ನೋಡಬೇಕಾದದ್ದು ಅದು ಪ್ರೋಟೀನಿನ ಯಾವ ಭಾಗವನ್ನು ಹಿಡಿಯುತ್ತದೆ ಎಂಬುದನ್ನು. ಕೋಶಗಳನ್ನು ಒಂದೊಂದಾಗಿ ಅಳೆಯುವ ಫ್ಲೋ ಸೈಟೋಮೆಟ್ರಿಗೆಂದು ತಯಾರಾದ ಎಷ್ಟೋ ಆಂಟಿಬಾಡಿಗಳಿಗೆ ಪ್ರೋಟೀನಿನ ಮಡಿಕೆ ಹಾಗೇ ಇರಬೇಕು. ಬ್ಲಾಟ್‌ನಲ್ಲಿ ಬಳಸುವ ಎಸ್‌ಡಿಎಸ್ ಎಂಬ ಮಾರ್ಜಕ ಆ ಮಡಿಕೆಯನ್ನು ಬಿಚ್ಚಿಹಾಕಿದ ಮೇಲೆ ಅವು ಕೆಲಸಕ್ಕೆ ಬರುವುದಿಲ್ಲ. ಕೋಶದೊಳಗಿನ ಬಾಲವನ್ನು ಗುರುತಿಸುವ ಆಂಟಿಬಾಡಿ ಬ್ಲಾಟ್‌ಗೆ ಒಗ್ಗಬಹುದು, ಜೀವಂತ ಕೋಶದ ಮೇಲ್ಮೈಯಲ್ಲಿ ಮಾತ್ರ ಏನೂ ತೋರಿಸದು.

ಕಂಟ್ರೋಲ್‌ಗಳನ್ನು, ಅಂದರೆ ಹೋಲಿಕೆಯ ಮಾದರಿಗಳನ್ನು, ಮೊದಲೇ ಸಿದ್ಧಮಾಡಿಕೊಳ್ಳಿ. ಸ್ತನ ಕ್ಯಾನ್ಸರ್‌ನ ಎಂಡಿಎ-ಎಂಬಿ-231 ಕೋಶಗಳಲ್ಲಿ ಪಿಡಿ-ಎಲ್1 ಧಾರಾಳ, ಎಂಸಿಎಫ್-7ರಲ್ಲಿ ತೀರಾ ಕಡಿಮೆ. ಶ್ವಾಸಕೋಶ ಕ್ಯಾನ್ಸರ್‌ನ ಎ549 ಕೋಶಗಳಿಗೆ ಮಿಲಿಲೀಟರಿಗೆ 10 ನ್ಯಾನೋಗ್ರಾಂ ಇಂಟರ್‌ಫೆರಾನ್-ಗಾಮಾ ಹಾಕಿ 24 ಗಂಟೆ ಬಿಟ್ಟರೆ ಪಟ್ಟಿ ಗಾಢವಾಗಬೇಕು. ಪಿಡಿ-ಎಲ್1ರ ಜೀನ್ ಆದ ಸಿಡಿ274 ತೆಗೆದುಹಾಕಿದ ಕೋಶಗಳು ಸಿಕ್ಕರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ: ಅಲ್ಲೂ ಪಟ್ಟಿ ಉಳಿದರೆ ಆಂಟಿಬಾಡಿ ಬೇರೇನನ್ನೋ ಹಿಡಿದಿದೆ.

ಪ್ರೋಟೀನ್ ಕತ್ತರಿಸುವ ಪ್ರೋಟಿಯೇಸ್ ಕಿಣ್ವಗಳ ತಡೆಗಳನ್ನು ಬೆರೆಸಿದ ರಿಪಾ ಬಫರ್‌ನಲ್ಲಿ ಕೋಶಗಳನ್ನು ಮಂಜುಗಡ್ಡೆಯ ಮೇಲೆ 30 ನಿಮಿಷ ಇಟ್ಟು ಒಡೆಯಿರಿ. 4 ಡಿಗ್ರಿಯಲ್ಲಿ 14,000 ಜಿ ವೇಗಕ್ಕೆ 15 ನಿಮಿಷ ತಿರುಗಿಸಿ, ಮೇಲಿನ ತಿಳಿಯನ್ನು ತೆಗೆದುಕೊಂಡು ಬಿಸಿಎ ವಿಧಾನದಲ್ಲಿ ಪ್ರೋಟೀನ್ ಅಳೆಯಿರಿ. ಜೆಲ್‌ನ ಪ್ರತಿ ಗುಳಿಗೆ 20ರಿಂದ 30 ಮೈಕ್ರೋಗ್ರಾಂ ಸಾಕು. ಪಿಡಿ-ಎಲ್1 ಕೋಶದ ಪೊರೆಯ ಪ್ರೋಟೀನ್. 95 ಡಿಗ್ರಿಯಲ್ಲಿ ಕುದಿಸಿದಾಗ ಗಂಟುಕಟ್ಟಿ ಗುಳಿಯ ಬಾಯಲ್ಲೇ ನಿಂತುಬಿಟ್ಟರೆ, 70 ಡಿಗ್ರಿಯಲ್ಲಿ 10 ನಿಮಿಷ ಕಾಯಿಸಿ ನೋಡಿ.

ಶೇ 10ರ ಜೆಲ್ ಓಡಿಸಿ, ಮೆಥನಾಲ್‌ನಲ್ಲಿ ಅದ್ದಿದ ಪಿವಿಡಿಎಫ್ ಪೊರೆಗೆ ವರ್ಗಾಯಿಸಿ. ತಂಪಿನಲ್ಲಿ, 100 ವೋಲ್ಟ್, ಒಂದು ಗಂಟೆ. ಪ್ರೋಟೀನ್ ತೋರಿಸುವ ಪಾನ್ಸೋ ಬಣ್ಣ ಹಾಕಿ ನೋಡದೆ ಮುಂದಕ್ಕೆ ಹೋಗಬೇಡಿ. ಗಾಳಿಗುಳ್ಳೆಯ ಖಾಲಿ ವೃತ್ತಗಳು ಕಾಣುವುದು ಈ ಹಂತದಲ್ಲೇ.

ಟಿಬಿಎಸ್-ಟ್ವೀನ್ ಬಫರ್‌ನಲ್ಲಿ ಕಲಸಿದ ಶೇ 5ರ ಕೆನೆರಹಿತ ಹಾಲಿನ ಪುಡಿಯಲ್ಲಿ ಪೊರೆಯನ್ನು ಒಂದು ಗಂಟೆ ಇಡಿ. ಪಿಡಿ-ಎಲ್1 ಹಿಡಿಯುವ ಪ್ರೈಮರಿ ಆಂಟಿಬಾಡಿಯನ್ನು 1:1000 ಪ್ರಮಾಣದಿಂದ ಶುರುಮಾಡಿ, 4 ಡಿಗ್ರಿಯಲ್ಲಿ ರಾತ್ರಿಯಿಡೀ ಅಲುಗಾಡಿಸಿ. 10 ನಿಮಿಷದಂತೆ ಮೂರು ಬಾರಿ ತೊಳೆದು, ಪ್ರೈಮರಿ ಮೊಲದ್ದಾದರೆ ಮೊಲಕ್ಕೆ, ಇಲಿಯದ್ದಾದರೆ ಇಲಿಗೆ ಹೊಂದುವ ಎಚ್‌ಆರ್‌ಪಿ ಕಿಣ್ವ ಜೋಡಿಸಿದ ಸೆಕೆಂಡರಿ ಆಂಟಿಬಾಡಿಯನ್ನು 1:5000ರಲ್ಲಿ ಒಂದು ಗಂಟೆ ಹಾಕಿ. ಮತ್ತೆ ಮೂರು ಸಲ ತೊಳೆದು ಬೆಳಕು ಹೊಮ್ಮಿಸುವ ಇಸಿಎಲ್ ದ್ರಾವಣ ಸುರಿದು ಚಿತ್ರ ತೆಗೆಯಿರಿ. ಸೋಡಿಯಂ ಅಜೈಡ್ ಇರುವ ಬಫರ್ ಸೆಕೆಂಡರಿಯ ಹತ್ತಿರ ಸುಳಿಯಬಾರದು. ಅದು ಎಚ್‌ಆರ್‌ಪಿಯನ್ನು ನಿಷ್ಕ್ರಿಯಗೊಳಿಸುತ್ತದೆ.

ಎಲ್ಲೆಡೆ ಕಪ್ಪಾಗಿದ್ದರೆ ಪ್ರೈಮರಿಯನ್ನು ಇನ್ನಷ್ಟು ತೆಳುಮಾಡಿ. ಪಟ್ಟಿಯ ನಡುಭಾಗ ಬೆಳ್ಳಗೆ ಟೊಳ್ಳಾಗಿದ್ದರೆ ಸೆಕೆಂಡರಿಯೋ ಪ್ರೋಟೀನೋ ಅತಿಯಾಗಿ, ಇಸಿಎಲ್ ಅಲ್ಲೇ ಸುಟ್ಟುಹೋಗಿದೆ. ಗುಳಿಗಳಿಗೆ ಪ್ರೋಟೀನ್ ಸಮನಾಗಿ ಬಿದ್ದಿದೆಯೇ ಎಂದು ತಾಳೆನೋಡಲು ಆಕ್ಟಿನ್ ಎಂಬ ಪ್ರೋಟೀನ್ ಎಲ್ಲರ ಅಭ್ಯಾಸ. ಆದರೆ ಅದು 42 ಕಿಲೋಡಾಲ್ಟನ್‌ನಲ್ಲಿ, ಪಿಡಿ-ಎಲ್1ರ ಬುಡಕ್ಕೇ ಬರುತ್ತದೆ. 117ರಲ್ಲಿ ದೂರ ನಿಲ್ಲುವ ವಿಂಕ್ಯುಲಿನ್ ವಾಸಿ.

ಇಷ್ಟಾದರೂ ಪಟ್ಟಿಯ ಮೇಲೆ ನಂಬಿಕೆ ಬಾರದಿದ್ದರೆ, ಕುದಿಸಿ ಬಿಚ್ಚಿದ ಮಾದರಿಯನ್ನು ಸಕ್ಕರೆ ಕಳಚುವ ಕಿಣ್ವ ಪಿಎನ್‌ಜಿಯೇಸ್-ಎಫ್ ಜತೆ 37 ಡಿಗ್ರಿಯಲ್ಲಿ ಒಂದು ಗಂಟೆ ಇಡಿ. ಸಕ್ಕರೆ ಕಳಚಿದಾಗ ಅಗಲದ ಪಟ್ಟಿ 33ರ ಹತ್ತಿರಕ್ಕೆ ಇಳಿಯಬೇಕು. ಇಳಿಯದೆ ಇದ್ದಲ್ಲೇ ಇದ್ದರೆ, ಬೇರೆ ಆಂಟಿಬಾಡಿ ಹುಡುಕಿ.