ಡ್ಯಾನ್ಯೂಬ್ ಜೊಂಡಿನಿಂದ ಕಾರ್ಪೇಥಿಯನ್ ಕಾಡಿಗೆ: ರೊಮೇನಿಯಾದಲ್ಲಿ ಹಕ್ಕಿ, ಕರಡಿ ನೋಡಿದ ನನ್ನ ಅನುಭವ

ಯುರೋಪಿನಲ್ಲಿ ಕಾಡುಕರಡಿಯನ್ನು ನೋಡಲು ಫಿನ್‌ಲ್ಯಾಂಡಿನ ಪೂರ್ವದಂಚು, ಸ್ಲೊವೇನಿಯಾ, ಸ್ಪೇನಿನ ಉತ್ತರದ ಬೆಟ್ಟಸಾಲು ಎಂದು ಹಲವು ಜಾಗಗಳಿವೆ. ಅವನ್ನೆಲ್ಲ ಬಿಟ್ಟು ನಾನು ರೊಮೇನಿಯಾಕ್ಕೆ ಹೋದದ್ದಕ್ಕೆ ಅಲ್ಲಿನ ಭೂಗೋಳವೇ ಕಾರಣ. ದೇಶದ ಪೂರ್ವದ ತುದಿಯಲ್ಲಿ ಡ್ಯಾನ್ಯೂಬ್ ನದಿ ಕಪ್ಪು ಸಮುದ್ರವನ್ನು ಸೇರುವೆಡೆ ಹರಡಿಕೊಂಡ ಡೆಲ್ಟಾ ಎಂಬ ಜೊಂಡಿನ ಜೌಗು, ನಡುಭಾಗದಲ್ಲಿ ಕಾರ್ಪೇಥಿಯನ್ ಪರ್ವತಗಳ ಬೀಚ್ ಮತ್ತು ಸ್ಪ್ರೂಸ್ ಕಾಡು. ಒಂದರಿಂದ ಇನ್ನೊಂದಕ್ಕೆ ಒಂದು ಹಗಲಿನ ರಸ್ತೆ ಪ್ರಯಾಣ. ರಷ್ಯಾವನ್ನು ಹೊರತುಪಡಿಸಿದರೆ ಯುರೋಪಿನಲ್ಲಿ ಅತಿ ಹೆಚ್ಚು ಕಂದು ಕರಡಿಗಳಿರುವ ದೇಶವೂ ಇದೇ. ಮೇ ತಿಂಗಳ ಕೊನೆಯ ಭಾಗವನ್ನು ಆರಿಸಿಕೊಳ್ಳುವಂತೆ ಹೇಳಿದವರು ಅಲ್ಲಿನ ಮಾರ್ಗದರ್ಶಿಯೇ. ಆಫ್ರಿಕಾದಿಂದ ಬರುವ ವಲಸೆ ಹಕ್ಕಿಗಳು ಆ ಹೊತ್ತಿಗೆ ಬಹುತೇಕ ಬಂದು ಸೇರಿರುತ್ತವೆ, ಕರಡಿಗಳ ಬೆದೆಯ ಕಾಲ ಆರಂಭವಾಗಿ ಗಂಡುಗಳು ಹೆಚ್ಚು ಅಲೆದಾಡುತ್ತವೆ, ಚಳಿಗಾಲದಲ್ಲಿ ಗವಿಯೊಳಗೆ ಹುಟ್ಟಿದ ಮರಿಗಳು ತಾಯಿಯ ಹಿಂದೆ ಓಡುವಷ್ಟು ಬೆಳೆದಿರುತ್ತವೆ.

ರೊಮೇನಿಯಾದ ವಿಮಾನ ಮತ್ತು ಬಂದರು ಗಡಿಗಳು 2024ರ ಮಾರ್ಚ್ ಕೊನೆಯಲ್ಲೂ ರಸ್ತೆ ಗಡಿಗಳು 2025ರ ಜನವರಿ 1ರಿಂದಲೂ ಒಂದೇ ವೀಸಾದಲ್ಲಿ ಯುರೋಪಿನ ಹಲವು ದೇಶ ಸುತ್ತಬಹುದಾದ ಷೆಂಗನ್ ವಲಯಕ್ಕೆ ಸೇರಿರುವುದರಿಂದ ಭಾರತೀಯರಿಗೆ ಈಗ ಪ್ರತ್ಯೇಕ ವೀಸಾದ ತೊಂದರೆ ಉಳಿದಿಲ್ಲ. ವೀಸಾಕ್ಕಿಂತ ನಾನು ಹೆಚ್ಚು ಸಮಯ ಕಳೆದದ್ದು ಮಾರ್ಗದರ್ಶಿಗಳೊಡನೆ ಮಾಡಿದ ಪತ್ರವ್ಯವಹಾರದಲ್ಲಿ. ಗುಂಪಿನಲ್ಲಿ ಎಷ್ಟು ಜನ, ಡೆಲ್ಟಾದ ಕಿರುಗಾಲುವೆಗಳಿಗೆ ನುಗ್ಗಬಲ್ಲ ಚಿಕ್ಕ ದೋಣಿ ಇದೆಯೇ, ಕರಡಿಗಳಿಗೆ ಆಹಾರ ಇಡುವವರು ಯಾರು, ಕರಡಿ ಬಾರದಿದ್ದರೆ ಮತ್ತೊಂದು ಸಂಜೆಗೆ ಅವಕಾಶವಿದೆಯೇ ಎಂದು ಕೇಳಿದೆ. ಕರಡಿ ಬಂದೇ ಬರುತ್ತದೆ ಎಂದು ಖಾತರಿ ಕೊಟ್ಟವರನ್ನು ಬಿಟ್ಟು, ಸಾಮಾನ್ಯವಾಗಿ ಬರುತ್ತದೆ, ಆದರೆ ಅದು ಕರಡಿಯ ಇಷ್ಟ ಎಂದು ಬರೆದವರನ್ನು ಒಪ್ಪಿಕೊಂಡೆ. ಡೆಲ್ಟಾ ಸಂರಕ್ಷಿತ ಜೀವಗೋಳವಾದ್ದರಿಂದ ಒಳಹೋಗಲು ಅನುಮತಿಪತ್ರ ಬೇಕು. ಅದನ್ನೂ ಅವರೇ ಮಾಡಿಸಿದರು.

ಬುಕಾರೆಸ್ಟ್‌ನಿಂದ ತುಲ್ಚಾ ಪಟ್ಟಣಕ್ಕೆ ಕಾರಿನಲ್ಲಿ ಹೆಚ್ಚುಕಡಿಮೆ ನಾಲ್ಕು ಗಂಟೆ. ಅಲ್ಲಿಂದ ಮುಂದೆ ರಸ್ತೆಗಿಂತ ನೀರೇ ದಾರಿ. ಯುರೋಪಿನ ಹತ್ತು ದೇಶಗಳನ್ನು ಮುಟ್ಟಿ ಬರುವ ಡ್ಯಾನ್ಯೂಬ್ ಇಲ್ಲಿ ಕಿಲಿಯಾ, ಸುಲಿನಾ, ಸ್ಫಂತು ಗೆಯೋರ್ಗೆ ಎಂಬ ಮೂರು ಕವಲಾಗಿ ಒಡೆಯುತ್ತದೆ. ಕವಲುಗಳ ನಡುವೆ ಕೆರೆ, ಕಾಲುವೆ, ತೇಲುವ ಜೊಂಡಿನ ದಿಬ್ಬಗಳು. ಯುನೆಸ್ಕೊ 1991ರಲ್ಲಿ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಉಳಿದುಕೊಳ್ಳಲು ಹಳ್ಳಿಯ ಅತಿಥಿಗೃಹ ಅಥವಾ ಎಳೆದೋಣಿಯೊಂದು ಎಳೆದುಕೊಂಡು ಹೋಗುವ ತೇಲುವ ಹೋಟೆಲು ಎಂಬ ಎರಡು ದಾರಿಗಳಿವೆ. ನಾನು ಎರಡನೆಯದನ್ನು ಹಿಡಿದೆ. ನಡೆದಾಡಲು ಆಸ್ಪದ ಕಡಿಮೆ ಎಂಬುದನ್ನು ಬಿಟ್ಟರೆ ಇದರಿಂದ ಲಾಭವೇ ಹೆಚ್ಚು. ಬೆಳಗಿನ ಐದೂವರೆಗೆ ಸೂರ್ಯ ಹುಟ್ಟುವಾಗ ನಾವು ಆಗಲೇ ಜೊಂಡಿನ ನಡುವೆ ಇರುತ್ತಿದ್ದೆವು.

ಮೊದಲ ಬೆಳಗಿನಲ್ಲಿ ಕಣ್ಣಿಗಿಂತ ಕಿವಿಗೇ ಕೆಲಸ. ಜೌಗುಕಪ್ಪೆಗಳ ಗದ್ದಲದ ಮೇಲೆ ಜೊಂಡಿನ ಉಲಿಯಕ್ಕಿಯ ಕರ್ಕಶ ಹಾಡು, ಅದರ ಮೇಲೆ ಯುರೋಪಿನ ಕೋಗಿಲೆಯ ಎರಡಕ್ಷರದ ಕೂಗು. ಈ ಕೋಗಿಲೆ ಮೊಟ್ಟೆಯಿಡುವುದು ಆ ಉಲಿಯಕ್ಕಿಯ ಗೂಡಿನಲ್ಲೇ ಎಂದು ತಿಳಿದ ಮೇಲೆ ಎರಡೂ ದನಿಗಳು ಅಕ್ಕಪಕ್ಕದಲ್ಲೇ ಏಕೆ ಕೇಳುತ್ತಿವೆ ಎಂಬುದು ಹೊಳೆಯುತ್ತದೆ. ಕುಳ್ಳ ನೀರುಕಾಗೆಗಳು ಒಣಮರದ ಮೇಲೆ ರೆಕ್ಕೆ ಹರಡಿ ಕುಳಿತಿದ್ದವು. ಮಿಂಚು ಕೆಂಬರಲು, ಕೆನ್ನೀಲಿ ಬಕ, ಬೆಳ್ಳಕ್ಕಿ ನಮ್ಮ ಕೆರೆಗಳಲ್ಲೂ ಕಾಣುವ ಹಕ್ಕಿಗಳೇ. ಅವುಗಳನ್ನು ಗುರುತಿಸಲು ಪುಸ್ತಕ ತೆರೆಯಬೇಕಾಗಲಿಲ್ಲ. ಮೀಸೆ ರೀವಗಳ ವಸಾಹತನ್ನು ಮಾತ್ರ ನಾನು ಅಷ್ಟು ಹತ್ತಿರದಿಂದ ಹಿಂದೆ ನೋಡಿರಲಿಲ್ಲ. ನೈದಿಲೆಯ ಎಲೆಗಳ ಮೇಲೆ ನಾಲ್ಕು ಕಡ್ಡಿ ಒಟ್ಟಿ ಮಾಡಿದ ಗೂಡು, ದೋಣಿಯ ಸಣ್ಣ ಅಲೆಗೂ ಎಲೆಯ ಸಮೇತ ಏರಿಳಿಯುತ್ತದೆ. ಗಂಡು ತಂದ ಚಿಕ್ಕ ಮೀನನ್ನು ಹೆಣ್ಣು ಗೂಡಿನಿಂದ ಏಳದೆಯೇ ಕೊಕ್ಕು ಚಾಚಿ ತೆಗೆದುಕೊಂಡಿತು. ದೋಣಿಯವರು ಎಂಜಿನ್ ಆರಿಸಿ, ಕೋಲಿನಿಂದ ಹಿಂದಕ್ಕೆ ತಳ್ಳಿ, ಅಲೆ ಗೂಡುಗಳತ್ತ ಹೋಗದಂತೆ ನೋಡಿಕೊಂಡದ್ದು ಆ ದಿನ ನಾನು ಮೆಚ್ಚಿದ ಕೌಶಲ.

ಹೆಜ್ಜಾರ್ಲೆಗಳಿಗಾಗಿಯೇ ಡೆಲ್ಟಾಕ್ಕೆ ಬರುವವರು ಹೆಚ್ಚು. ಇಲ್ಲಿ ಎರಡು ಜಾತಿಗಳಿವೆ. ಬಿಳಿ ಹೆಜ್ಜಾರ್ಲೆ ಹಾರುವಾಗ ರೆಕ್ಕೆಯ ಹಿಂದಿನ ಅಂಚೆಲ್ಲ ಕಪ್ಪು; ಡಾಲ್ಮೇಶಿಯನ್ ಹೆಜ್ಜಾರ್ಲೆ ಕೆಳಗಿನಿಂದ ಮಾಸಲು ಬಿಳಿ, ಹತ್ತಿರ ಬಂದರೆ ಹಿಂದಲೆಯ ಗುಂಗುರು ಗರಿಗಳೂ ಕಿತ್ತಳೆಗೆಂಪು ಚೀಲವೂ ಕಾಣುತ್ತವೆ. ಕೊಕ್ಕರೆ ಬೆಳ್ಳೂರಿನಲ್ಲಿ ಹುಣಸೆಮರದ ಮೇಲೆ ಗೂಡು ಕಟ್ಟುವ ಹೆಜ್ಜಾರ್ಲೆಯನ್ನು ನೋಡಿದವರಿಗೆ ಇಲ್ಲಿನ ಬಿಳಿ ಹೆಜ್ಜಾರ್ಲೆಗಳು ಜೊಂಡಿನ ನಡುವೆ ನೆಲದ ಮಟ್ಟದಲ್ಲೇ ಗೂಡು ಮಾಡುತ್ತವೆ ಎಂಬುದು ಅಚ್ಚರಿಯೆನಿಸಬಹುದು. ಅವುಗಳ ದೊಡ್ಡ ವಸಾಹತು ಇರುವ ರೊಶ್ಕಾ-ಬುಹಾಯೊವಾ ಪ್ರದೇಶಕ್ಕೆ ಪ್ರವಾಸಿಗರಿಗೆ ಪ್ರವೇಶವಿಲ್ಲ, ಇರಲೂ ಬಾರದು. ಹೊರಗಿನ ಕೆರೆಗಳಲ್ಲಿ ಅವು ಮೀನು ಹಿಡಿಯುವ ಜಾಗದಿಂದ ಸಾಕಷ್ಟು ದೂರದಲ್ಲಿ, ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ದೋಣಿ ನಿಲ್ಲಿಸಿ ಕಾಯುವುದೇ ಸರಿಯಾದ ಕ್ರಮ. ಸಾಲು ಅರ್ಧಚಂದ್ರಾಕಾರವಾಗಿ ಬಾಗಿ, ಮೀನುಗಳನ್ನು ಆಳವಿಲ್ಲದ ಕಡೆಗೆ ಒತ್ತಿ, ಎಲ್ಲವೂ ಒಟ್ಟಿಗೆ ತಲೆ ಮುಳುಗಿಸುತ್ತಾ ನಮ್ಮತ್ತಲೇ ಬಂತು. ಹಿಂಬಾಲಿಸಿ ಹೋದ ಇನ್ನೊಂದು ದೋಣಿಯವರಿಗೆ ದೂರ ಹಾರಿಹೋಗುವ ಬೆನ್ನುಗಳಷ್ಟೇ ಸಿಕ್ಕವು.

ಡೆಲ್ಟಾದ ಉತ್ತರ ಭಾಗದ ಲೆತ್ಯಾ ಕಾಡು 1938ರಿಂದಲೂ ಸಂರಕ್ಷಿತ. ಮರಳುದಿಬ್ಬಗಳ ನಡುವೆ ಓಕ್ ಮರಗಳು, ಅವುಗಳಿಗೆ ಹಬ್ಬಿದ ಬಳ್ಳಿಗಳು, ಟೊಂಗೆಗಳಲ್ಲಿ ನೀಲಕಂಠ, ಚಂದ್ರಮುಕುಟ. ಕಾಗೆಗಳ ಹಳೆಯ ಗೂಡುಗಳಲ್ಲಿ ಕೆಂಪುಕಾಲಿನ ಚಾಣಗಳ ಸಂಸಾರ. ಮಿಲಾ 23 ಎಂಬ ಹಳ್ಳಿಯಲ್ಲಿ ಊಟಕ್ಕೆ ನಿಂತೆವು. ಹದಿನೇಳನೆಯ ಶತಮಾನದಲ್ಲಿ ರಷ್ಯದ ಚರ್ಚಿನ ಸುಧಾರಣೆಯನ್ನು ಒಪ್ಪದೆ ಹೊರಟುಬಂದವರ ವಂಶದವರಾದ ಲಿಪೊವನ್ ಮೀನುಗಾರರ ಊರದು. ಒಲಿಂಪಿಕ್ಸ್‌ನಲ್ಲಿ ನಾಲ್ಕು ಚಿನ್ನ ಗೆದ್ದ ದೋಣಿಸ್ಪರ್ಧಿ ಇವಾನ್ ಪಟ್ಸೈಕಿನ್ ಹುಟ್ಟಿದ್ದೂ ಅಲ್ಲೇ. ಮೀನಿನ ಸಾರು ಅಲ್ಲಿನ ಹೆಮ್ಮೆಯ ಅಡುಗೆ. ಸಸ್ಯಾಹಾರಿಗಳಿಗೆ ಮಮಲಿಗ ಸಿಗುತ್ತದೆ: ಮೆಕ್ಕೆಜೋಳದ ಹಿಟ್ಟಿನ ನಮ್ಮ ಮುದ್ದೆಯಂಥದ್ದು, ಮೇಲೆ ಮೊಸರಿನ ಕೆನೆ ಮತ್ತು ಚೀಸ್. ಜೊತೆಗೆ ಸುಟ್ಟ ಬದನೆ, ಕೆಂಪು ದೊಣ್ಣೆಮೆಣಸಿನಕಾಯಿ ಸೇರಿಸಿ ಮಾಡುವ ಜಕುಸ್ಕ. ಇವೆರಡಿದ್ದರೆ ಪ್ರವಾಸವಿಡೀ ಹೊಟ್ಟೆಗೆ ಕೊರತೆಯಿಲ್ಲ.

ನೀರಿನಿಂದ ಹೊರಬಂದ ಮೇಲೆ ಡ್ಯಾನ್ಯೂಬಿಗೂ ಕಪ್ಪು ಸಮುದ್ರಕ್ಕೂ ನಡುವಿನ ದೊಬ್ರೊಜಾದ ಒಣಬಯಲಿನಲ್ಲಿ ಅರ್ಧ ದಿನ ಕಳೆದೆವು. ಗುಲಾಬಿ ಕಬ್ಬಕ್ಕಿಗಳನ್ನು ನೋಡಲೇಬೇಕೆಂದು ಅದನ್ನು ನಾನೇ ಕೇಳಿ ಸೇರಿಸಿಕೊಂಡದ್ದು. ಚಳಿಗಾಲದಲ್ಲಿ ಉತ್ತರ ಕರ್ನಾಟಕದ ಜೋಳದ ಹೊಲಗಳಿಗೆ ಮೋಡದಂತೆ ಇಳಿಯುವ ಈ ಹಕ್ಕಿಗಳು ಸಂತಾನಕ್ಕಾಗಿ ಮಧ್ಯ ಏಷ್ಯಾದಿಂದ ಪೂರ್ವ ಯುರೋಪಿನವರೆಗಿನ ಬಯಲುಗಳಿಗೆ ಹೋಗುತ್ತವೆ. ಮಿಡತೆಗಳು ಹೆಚ್ಚಿದ ವರ್ಷಗಳಲ್ಲಿ ದೊಬ್ರೊಜಾದ ಕಲ್ಲುಗಣಿಗಳಲ್ಲೂ ಗೂಡು ಮಾಡುತ್ತವೆ, ಮಿಡತೆಯಿಲ್ಲದ ವರ್ಷ ಬರುವುದೇ ಇಲ್ಲ. ನಮ್ಮ ಕಡೆ ಕಾಣುವ ಮಸುಕು ಬಣ್ಣ ಅಲ್ಲಿಲ್ಲ; ಗರಿಯ ಅಂಚು ಸವೆದು ಎದೆ, ಬೆನ್ನು ಅಚ್ಚ ಗುಲಾಬಿಯಾಗಿರುತ್ತದೆ. ಹೊಲಕ್ಕೆ ಹಾಳು ಎಂದು ನಮ್ಮ ರೈತರು ಡಬ್ಬ ಬಡಿದು ಓಡಿಸುವ ಹಕ್ಕಿಗಾಗಿ ಅಲ್ಲಿನ ಪಕ್ಷಿವೀಕ್ಷಕರು ವರ್ಷಗಟ್ಟಲೆ ಕಾಯುತ್ತಾರೆ.

ಪಶ್ಚಿಮಕ್ಕೆ ಹೊರಟಾಗ ಡ್ಯಾನ್ಯೂಬನ್ನು ದಾಟಲು ಬ್ರಯಿಲಾದ ತೂಗುಸೇತುವೆಯಿದೆ. 2023ರ ಜುಲೈನಲ್ಲಿ ತೆರೆದ ಇದರ ಮುಖ್ಯ ಅಂಕಣವೇ 1,120 ಮೀಟರ್. ಸಂಜೆಗೆ ಬ್ರಶೋವ್ ನಗರ ದಾಟಿ ಪ್ಯಾತ್ರಾ ಕ್ರಾಯುಲುಯಿ ಸುಣ್ಣಕಲ್ಲಿನ ಬೆಟ್ಟಸಾಲಿನ ಬುಡದ ಜರ್ನೆಶ್ತಿ ಪಟ್ಟಣ ಸೇರಿದೆವು. ಊರಿನ ಪಕ್ಕದ ಕಮರಿಯಲ್ಲಿ ಗೋಡೆಹಕ್ಕಿಯನ್ನು ಹುಡುಕುತ್ತಾ ಕತ್ತು ನೋಯುವಷ್ಟು ಮೇಲೆ ನೋಡಿದೆವು. ಬೂದು ಬಂಡೆಯ ಮೇಲೆ ಬೂದು ಹಕ್ಕಿ, ರೆಕ್ಕೆ ಬಿಚ್ಚಿದಾಗ ಮಾತ್ರ ಕಡುಗೆಂಪು.

ಕರಡಿಯ ವೀಕ್ಷಣೆ ಕಾಡಿನೊಳಗಿನ ಮರದ ಗುಡಿಸಲಿನಿಂದ. ಛಾಯಾಗ್ರಾಹಕರು ಅದನ್ನು ಹೈಡ್ ಎನ್ನುತ್ತಾರೆ. ಸಂಜೆ ಅರಣ್ಯರಕ್ಷಕರು ಮುಂದೆ ನಡೆದು ನಮ್ಮನ್ನು ಒಳಗೆ ಕೂರಿಸಿ ಬಾಗಿಲು ಹಾಕಿದರು. ಕತ್ತಲಾಗುವವರೆಗೆ ಮಾತಿಲ್ಲ, ಸುಗಂಧದ್ರವ್ಯವಿಲ್ಲ, ಫ್ಲಾಶ್ ಇಲ್ಲ. ಎದುರಿನ ತೆರಪಿನಲ್ಲಿ ಮರದ ದಿಮ್ಮಿಗಳ ಸಂದಿಗೂ ಕಲ್ಲುಗಳ ಕೆಳಗೂ ಮೆಕ್ಕೆಜೋಳ ಇಟ್ಟಿರುತ್ತಾರೆ. ದರೋಜಿ ಕರಡಿಧಾಮದಲ್ಲಿ ಬಂಡೆಗೆ ಬೆಲ್ಲದ ತಿನಿಸು ಸವರಿ, ವೀಕ್ಷಣಾ ಗೋಪುರದಿಂದ ನಮ್ಮ ಕರಡಿಗಳನ್ನು ತೋರಿಸುವ ಏರ್ಪಾಡೂ ಇದೇ ಬಗೆಯದು. ಇದನ್ನು ತಿಳಿದೇ ಹೋಗಬೇಕು: ಇಲ್ಲಿ ಕಾಣುವುದು ಊಟಕ್ಕೆ ಬಂದ ಕರಡಿ, ಕಾಡಿನಲ್ಲಿ ತನ್ನ ಪಾಡಿಗೆ ಬದುಕುವ ಕರಡಿಯ ದಿನಚರಿಯಲ್ಲ.

ಹಾಗಿದ್ದೂ ಅಲ್ಲಿ ಕಲಿತದ್ದು ಕಡಿಮೆಯಲ್ಲ. ಮೊದಲು ಬಂದದ್ದು ಎರಡು ಮರಿಗಳ ತಾಯಿ. ನಮ್ಮ ಕರಡಿಯ ಮರಿಗಳಂತೆ ಇವು ತಾಯಿಯ ಬೆನ್ನೇರುವುದಿಲ್ಲ, ಕಾಲ ಬಳಿಯಲ್ಲೇ ಓಡುತ್ತವೆ. ತಾಯಿ ಎರಡು ಕೈಗೂ ಭಾರವೆನಿಸುವಂಥ ಕಲ್ಲನ್ನು ಒಂದೇ ಮುಂಗಾಲಿನಿಂದ ಮಗುಚಿ, ನೀಳ ಉಗುರಿನ ತುದಿಯಿಂದ ಕಾಳುಗಳನ್ನು ಒಟ್ಟುಗೂಡಿಸಿ, ತುಟಿ ಮುಂಚಾಚಿ ಎತ್ತಿಕೊಳ್ಳುತ್ತಿತ್ತು. ಇದ್ದಕ್ಕಿದ್ದಂತೆ ತಲೆಯೆತ್ತಿ ಗಾಳಿ ಮೂಸಿ ಹೂಂಕರಿಸಿತು. ಮರಿಗಳು ಹತ್ತಿರದ ಸ್ಪ್ರೂಸ್ ಮರವೇರಿದವು. ನಮಗೆ ಇನ್ನೇನೂ ಕಾಣುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ನಂತರ ಎದುರಂಚಿನಿಂದ ಭಾರೀ ಗಂಡೊಂದು ಹೊರಬಂತು. ಬೆದೆಯ ಕಾಲದಲ್ಲಿ ಗಂಡುಗಳು ಬೇರೆಯದರ ಮರಿಗಳನ್ನು ಕೊಲ್ಲುವುದುಂಟು, ತಾಯಿಯ ಎಚ್ಚರಕ್ಕೆ ಅದೇ ಕಾರಣ. ಬೆಳಕು ಕುಗ್ಗಿದಾಗ ಕ್ಯಾಮೆರಾದ ಬೆಳಕಿನ ಸಂವೇದನೆಯನ್ನು, ಅಂದರೆ ಐಎಸ್‌ಒವನ್ನು, 6400ಕ್ಕೆ ಏರಿಸಿ ಒಂದಿಷ್ಟು ಚಿತ್ರ ತೆಗೆದೆ. ಬಳಿಕ ಕ್ಯಾಮೆರಾ ಬದಿಗಿಟ್ಟು ಬೈನಾಕ್ಯುಲರ್ ಹಿಡಿದದ್ದೇ ಒಳ್ಳೆಯದಾಯಿತು. ಎಂಟರಷ್ಟು ಹಿಗ್ಗಿಸುವ, 42 ಮಿಲಿಮೀಟರ್ ಮಸೂರದ ಬೈನಾಕ್ಯುಲರ್ ಮುಸ್ಸಂಜೆಯಲ್ಲೂ ಸಾಕಷ್ಟು ಬೆಳಕು ಕೊಡುತ್ತದೆ.

ಮರುದಿನದ ಕಾಡಿನ ನಡಿಗೆಯಲ್ಲಿ ಒಂದು ಕರಡಿಯೂ ಕಾಣಲಿಲ್ಲ. ನನ್ನ ಲೆಕ್ಕದಲ್ಲಿ ಆ ನಡಿಗೆಗೇ ಹೈಡ್‌ಗಿಂತ ಹೆಚ್ಚಿನ ಬೆಲೆ. ತೊಗಟೆಯಲ್ಲಿ ತಲೆಗಿಂತ ಮೇಲೆ ಉಗುರಿನ ಗೀರು, ಬೆನ್ನುಜ್ಜಿದ ಕಡೆ ಅಂಟಿಗೆ ಸಿಕ್ಕಿಕೊಂಡ ಕೂದಲು, ಇರುವೆಗಳಿಗಾಗಿ ಸೀಳಿದ ಕೊಳೆತ ದಿಮ್ಮಿ, ಹುಲ್ಲು ತುಂಬಿದ ಹಿಕ್ಕೆ. ಕರಡಿ ವಸಂತದಲ್ಲಿ ಹೆಚ್ಚಾಗಿ ಹುಲ್ಲು ಮೇಯುತ್ತದೆ ಎಂಬುದನ್ನು ಮೆಕ್ಕೆಜೋಳದ ಮುಂದೆ ಕುಳಿತು ಎಂದಿಗೂ ತಿಳಿಯಲಾಗದು. ಅದೇ ಕಾಡಿನಲ್ಲಿ ಬಿಳಿಬೆನ್ನಿನ ಮರಕುಟಿಗವೂ ಸಿಕ್ಕಿತು.

ಅಲ್ಲಿನವರಿಗೆ ಕರಡಿ ಬರಿಯ ನೋಟದ ವಸ್ತುವಲ್ಲ. 2016ರಲ್ಲಿ ಸರಕಾರ ಮೋಜಿನ ಬೇಟೆಯನ್ನು ನಿಲ್ಲಿಸಿತು. ಆದರೆ 2024ರ ಜುಲೈನಲ್ಲಿ ಚಾರಣಕ್ಕೆ ಹೋದ ಯುವತಿಯೊಬ್ಬಳು ಕರಡಿಗೆ ಬಲಿಯಾದ ಬಳಿಕ ಅಲ್ಲಿನ ಸಂಸತ್ತು ಆ ವರ್ಷಕ್ಕೆ 481 ಕರಡಿಗಳನ್ನು ಕೊಲ್ಲಲು ಅವಕಾಶ ಕೊಟ್ಟಿತು. ಊರಿನ ಬಳಿ ಕರಡಿ ಕಂಡರೆ ಎಲ್ಲರ ಮೊಬೈಲಿಗೂ ಎಚ್ಚರಿಕೆಯ ಸಂದೇಶ ಬರುತ್ತದೆ. ಕಾರ್ಪೇಥಿಯನ್ ಬೆಟ್ಟಗಳನ್ನು ದಾಟುವ ಟ್ರಾನ್ಸ್‌ಫಗರಶನ್ ಹೆದ್ದಾರಿಯಲ್ಲಿ ಕಾರು ನಿಲ್ಲಿಸಿ ಬಿಸ್ಕತ್ತು ಕೊಡುವ ಪ್ರವಾಸಿಗರಿಂದಾಗಿ ರಸ್ತೆಬದಿಯಲ್ಲಿ ಕೈಚಾಚುವ ಕರಡಿಗಳೇ ಹುಟ್ಟಿಕೊಂಡಿವೆ. ಹಾಗೆ ತಿನ್ನಿಸುವುದಕ್ಕೆ ದಂಡವಿದೆ. ಹೈಡ್‌ನ ಮೆಕ್ಕೆಜೋಳಕ್ಕೂ ರಸ್ತೆಯ ಬಿಸ್ಕತ್ತಿಗೂ ವ್ಯತ್ಯಾಸವೇನು ಎಂದು ಅರಣ್ಯರಕ್ಷಕರನ್ನು ಕೇಳಿದೆ. ಹೈಡ್‌ನಲ್ಲಿ ಆಹಾರವನ್ನೂ ಮನುಷ್ಯನನ್ನೂ ಕರಡಿ ಒಟ್ಟಿಗೆ ನೋಡುವುದಿಲ್ಲ, ರಸ್ತೆಯಲ್ಲಿ ಮನುಷ್ಯನ ಕೈಯೇ ತಟ್ಟೆಯಾಗುತ್ತದೆ ಎಂದರು. ಆ ಉತ್ತರ ಅರ್ಧದಷ್ಟು ಸರಿಯೆನಿಸುತ್ತದೆ. ಅದೇ ತೆರಪಿಗೆ ನಿತ್ಯ ಬರುವ ಕರಡಿಗೆ ನಮ್ಮ ವಾಸನೆ ತಿಳಿಯದೆಂದು ನಂಬುವುದು ಕಷ್ಟ. ಜರ್ನೆಶ್ತಿಯ ಹತ್ತಿರವೇ ಹಿಂದೆ ಹೋಟೆಲು, ಪೆಟ್ರೋಲ್ ಬಂಕುಗಳಲ್ಲಿ ಪಂಜರದಲ್ಲಿದ್ದ ಕರಡಿಗಳನ್ನು ಬಿಡಿಸಿ ಸಾಕುವ ಧಾಮವಿದೆ. ಬೆಳಗಿನ ಹೊತ್ತು ಅಲ್ಲಿಗೆ ಹೋದರೆ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ.

ಹೊರಡುವವರಿಗೆ ಇನ್ನೆರಡು ಮಾತು. ಡೆಲ್ಟಾದಲ್ಲಿ ಸಂಜೆಯ ಸೊಳ್ಳೆಗಳಿಗೆ ತುಂಬುತೋಳಿನ ಅಂಗಿ ಬೇಕು, ಬೆಟ್ಟದಲ್ಲಿ ಮೇ ತಿಂಗಳಲ್ಲೂ ಬೆಳಗ್ಗೆ ಸ್ವೆಟರು ಬೇಕು. ಡೆಲ್ಟಾವನ್ನು ಮೊದಲು, ಬೆಟ್ಟವನ್ನು ನಂತರ ಇಟ್ಟುಕೊಂಡರೆ ದೋಣಿಯಲ್ಲಿ ಕುಳಿತು ಜಡವಾದ ಕಾಲಿಗೆ ಕೊನೆಯಲ್ಲಿ ನಡಿಗೆ ಸಿಗುತ್ತದೆ. ದೋಣಿಯವರಿಗೂ ಅರಣ್ಯರಕ್ಷಕರಿಗೂ ಕೊಡುವ ಇನಾಮಿಗೆ ರೊಮೇನಿಯಾದ ನಗದು ಹಣವಾದ ಲೇಯಿ ಕೈಯಲ್ಲಿರಲಿ; ಕಾರ್ಡು ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ.