ಆಲೆಮನೆಯ ಒಲೆ ಬದಲಾಯಿಸಿದೆವು: ಸಬ್ಸಿಡಿ ಪಡೆದ ನನ್ನ ಅನುಭವ

ನಮ್ಮದು ಮಂಡ್ಯ ಜಿಲ್ಲೆಯಲ್ಲಿ ಒಂದು ಸಣ್ಣ ಆಲೆಮನೆ. ಅಪ್ಪನ ಕಾಲದ್ದು. ದಿನಕ್ಕೆ ನಾಲ್ಕು ಟನ್ ಕಬ್ಬು ಅರೆದು ನಾಲ್ಕು ಕೊಪ್ಪರಿಗೆ ಬೆಲ್ಲ ಇಳಿಸುತ್ತೇವೆ. ಕಬ್ಬಿನ ಸಿಪ್ಪೆಯೇ ಒಲೆಗೆ ಉರುವಲು. ಲೆಕ್ಕದ ಪ್ರಕಾರ ಸಿಪ್ಪೆ ಸಾಕಾಗಿ ಇನ್ನೂ ಸ್ವಲ್ಪ ಉಳಿಯಬೇಕು. ನಮ್ಮಲ್ಲಿ ಮಾತ್ರ ಪ್ರತಿ ವರ್ಷವೂ ಸಾಲುತ್ತಿರಲಿಲ್ಲ. ಸೌದೆ ತರಿಸುತ್ತಿದ್ದೆವು. ಸೌದೆ ಸಿಗದ ದಿನ ಹಳೇ ಟೈರ್ ಚೂರು ಹಾಕಿದ್ದೂ ಉಂಟು. ಆ ಕರಿ ಹೊಗೆಯಲ್ಲಿ ಅಮ್ಮ ರಾತ್ರಿಯೆಲ್ಲ ಕೆಮ್ಮುತ್ತಿದ್ದರು. ಒಲೆ ಬದಲಾಯಿಸಲೇಬೇಕು ಅಂತ ನಾನು ಹೊರಟಿದ್ದು ಅದಕ್ಕೇ.

ದುಡ್ಡಿಗೆ ದಾರಿ ಹುಡುಕುವಾಗ ಪಿಎಂಎಫ್‌ಎಂಇ ಯೋಜನೆ ಗೊತ್ತಾಯಿತು. ಸಣ್ಣ ಆಹಾರ ಘಟಕಗಳಿಗೆ ಅಂತ ಕೇಂದ್ರ ಸರ್ಕಾರ 2020ರಲ್ಲಿ ಶುರು ಮಾಡಿದ್ದು. ನಾನು ಅರ್ಜಿ ಹಾಕಿದಾಗ ಯೋಜನಾ ವೆಚ್ಚದ ಶೇ. 35ರಷ್ಟು ಸಹಾಯಧನ, ಗರಿಷ್ಠ 10 ಲಕ್ಷ ಇತ್ತು. ಕರ್ನಾಟಕ ಸರ್ಕಾರ ಅದಕ್ಕೆ ಇನ್ನೂ ಶೇ. 15 ಸೇರಿಸುತ್ತಿತ್ತು. ಒಟ್ಟು ಅರ್ಧ ವೆಚ್ಚ, 15 ಲಕ್ಷದವರೆಗೆ. ‘ಒಂದು ಜಿಲ್ಲೆ ಒಂದು ಉತ್ಪನ್ನ’ ಪಟ್ಟಿಯಲ್ಲಿ ಮಂಡ್ಯದ ಹೆಸರಿನ ಮುಂದೆ ಇರುವುದೇ ಬೆಲ್ಲ. ಇದು ಇಂಧನ ಉಳಿತಾಯಕ್ಕೆಂದೇ ಮಾಡಿದ ಯೋಜನೆ ಅಲ್ಲ. ಆದರೆ ಹಳೇ ಘಟಕವನ್ನು ಮೇಲ್ದರ್ಜೆಗೆ ಏರಿಸಲೂ ಕೊಡುತ್ತಾರೆ. ಆಲೆಮನೆಯಲ್ಲಿ ಮೇಲ್ದರ್ಜೆ ಅಂದರೆ ಮೊದಲು ಬೆಂಕಿಯನ್ನೇ ಸರಿ ಮಾಡಬೇಕು ಅಲ್ವಾ?

ಅರ್ಜಿಗಿಂತ ಮೊದಲು ನಾನು ಮಾಡಿದ ಕೆಲಸ ತೂಕ. ಇದನ್ನು ಹೇಳಿಕೊಟ್ಟಿದ್ದು ಜಿಲ್ಲಾ ಸಂಪನ್ಮೂಲ ವ್ಯಕ್ತಿಯಾಗಿ ಬಂದಿದ್ದ ಮೇಡಂ. ಈ ಯೋಜನೆಯಲ್ಲಿ ವರದಿ ಬರೆಯಲು, ಬ್ಯಾಂಕಿಗೆ ಓಡಾಡಲು ಅವರೇ ನೆರವಾಗುತ್ತಾರೆ. “ಒಲೆ ಸರಿ ಇಲ್ಲ ಅಂತ ನೀವು ಹೇಳಿದರೆ ಬ್ಯಾಂಕಿನವರು ಒಪ್ಪಲ್ಲ ಅಣ್ಣ. ಎಷ್ಟು ಸುಡ್ತಾ ಇದೀರ, ಅದನ್ನ ಬರೆದುಕೊಡಿ” ಅಂದರು. ಒಂದು ತಿಂಗಳು ಒಲೆ ಪಕ್ಕ ತಕ್ಕಡಿ ಇಟ್ಟೆವು. ಉರಿ ಹಾಕುವ ಮಾವನಿಗೆ ಮೊದಮೊದಲು ಕಿರಿಕಿರಿ. “ಸಿಪ್ಪೇನೂ ತೂಕ ಮಾಡ್ತಾರೇನ್ಲಾ” ಅಂತಿದ್ದರು. ಆಮೇಲೆ ಅವರೇ ಹೊರೆ ಎತ್ತಿ ತಕ್ಕಡಿಗಿಟ್ಟು ಕೂಗಿ ಹೇಳುತ್ತಿದ್ದರು, ಮಗಳು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು.

ಬಂದ ಲೆಕ್ಕ ಇದು. ಒಂದು ಟನ್ ಕಬ್ಬಿನಿಂದ ಸುಮಾರು 100 ಕೆಜಿ ಬೆಲ್ಲ. ಅದೇ ಟನ್ನಿನ ಸಿಪ್ಪೆ ಬಿಸಿಲಲ್ಲಿ ಒಣಗಿದ ಮೇಲೆ ಸುಮಾರು 200 ಕೆಜಿ. ಒಲೆ ತಿನ್ನುತ್ತಿದ್ದುದು 245 ಕೆಜಿ. ಅಂದರೆ ದಿನಕ್ಕೆ 180 ಕೆಜಿ ಉರುವಲು ಕೊರತೆ. ಇಷ್ಟು ವರ್ಷ ಕೈಗೆ ಸಿಗದ ನಷ್ಟ ಆ ಹಾಳೆಯಲ್ಲಿ ಕಣ್ಣಿಗೆ ಕಂಡಿತು. ಸಾಲ ಕೊಡಲು ಬ್ಯಾಂಕ್ ಮ್ಯಾನೇಜರ್ ಕೊನೆಗೆ ನಂಬಿದ್ದೂ ಆ ನೋಟ್‌ಬುಕ್ಕನ್ನೇ. ಉಳಿದ ಕಾಗದ ಪತ್ರ ಎಲ್ಲರ ಹತ್ತಿರವೂ ಇರುತ್ತದೆ.

ಬೆಂಕಿ ಎಲ್ಲಿ ಹೋಗುತ್ತಿತ್ತು? ಹೊಗೆಗೂಡಿನಲ್ಲಿ. ನಮ್ಮದು ಒಂದೇ ಕೊಪ್ಪರಿಗೆಯ ಒಲೆ. ಜ್ವಾಲೆ ಕೊಪ್ಪರಿಗೆಯ ತಳ ಸವರಿ ನೇರ ಹೊರಗೆ ಹೋಗುತ್ತಿತ್ತು. ಹೊಗೆಗೂಡಿನ ಬುಡದಲ್ಲಿ ಒಣ ಗರಿ ಹಿಡಿದರೆ ಹೊತ್ತಿಕೊಳ್ಳುತ್ತಿತ್ತು. ಕೆಳಗೆ ಜಾಲರಿ ಇರಲಿಲ್ಲ. ಸಿಪ್ಪೆ ಬೂದಿಯ ಮೇಲೇ ಬಿದ್ದು, ಗಾಳಿ ಸಿಗದೆ ಅರ್ಧ ಉರಿದು ಅರ್ಧ ಹೊಗೆಯಾಗುತ್ತಿತ್ತು. ಒಂದು ಟನ್ ಕಬ್ಬಿನ ಹಾಲಿನಲ್ಲಿ ಸುಮಾರು 500 ಲೀಟರ್ ನೀರು ಆವಿಯಾಗಬೇಕು. ಅಷ್ಟು ನೀರು ಆರಿಸುವ ಬೆಂಕಿಯನ್ನು ಆಕಾಶಕ್ಕೆ ಬಿಟ್ಟರೆ ಯಾವ ಸಿಪ್ಪೆ ತಾನೇ ಸಾಲುತ್ತದೆ?

ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂಗೆ ಹೋಗಿ ವಿಚಾರಿಸಿದೆ. ಲಕ್ನೋದ ಭಾರತೀಯ ಕಬ್ಬು ಸಂಶೋಧನಾ ಸಂಸ್ಥೆಯವರು ಮೂರು ಕೊಪ್ಪರಿಗೆಯ ಒಲೆ ಮಾಡಿದ್ದಾರೆ ಅಂತ ಗೊತ್ತಾಯಿತು. ಮೊದಲ ಕೊಪ್ಪರಿಗೆಯಲ್ಲಿ ಪಾಕ ಕುದಿಯುತ್ತದೆ. ಅಲ್ಲಿಂದ ಹೊರಟ ಬಿಸಿ ಹೊಗೆ ಎರಡನೆಯ, ಮೂರನೆಯ ಕೊಪ್ಪರಿಗೆಯ ಅಡಿಯಲ್ಲಿ ಹಾದು ಆಮೇಲೆ ಹೊಗೆಗೂಡಿಗೆ ಹೋಗುತ್ತದೆ. ಹಸಿ ಹಾಲು ಕಾದುಕೊಂಡೇ ಮುಂದಿನ ಕೊಪ್ಪರಿಗೆಗೆ ಬರುತ್ತದೆ. ನಮಗೆ ಬೇಕಾಗಿದ್ದುದು ಅದೇ.

ಒಟ್ಟು 10 ಲಕ್ಷದ ಯೋಜನೆ ಹಾಕಿದೆವು. ಹೊಸ ಗಾಣಕ್ಕೆ ಮೂರೂವರೆ ಲಕ್ಷ, ಮೋಟಾರು ಮತ್ತು ಪ್ಯಾನೆಲ್‌ಗೆ 1.2 ಲಕ್ಷ, ಕೊಪ್ಪರಿಗೆ, ಜಾಲರಿ, ಹೊಗೆಗೂಡಿಗೆ 2.8 ಲಕ್ಷ, ಇಟ್ಟಿಗೆ ಗಾರೆ ಕೆಲಸಕ್ಕೆ ಎರಡೂವರೆ ಲಕ್ಷ. ಇಲ್ಲೊಂದು ಮುಖ್ಯ ವಿಷಯ ಇದೆ. ಈ ಯೋಜನೆಯಲ್ಲಿ ಸಿವಿಲ್ ಕೆಲಸ ಶೇ. 30 ದಾಟಬಾರದು. ನಾನು ಮೊದಲು ಇಡೀ ಒಲೆಯನ್ನೇ ಗಾರೆ ಕೆಲಸ ಅಂತ ಒಂದೇ ಸಾಲಿನಲ್ಲಿ ಬರೆದಿದ್ದೆ. ಮಿತಿ ಮೀರಿಹೋಗಿತ್ತು. ಮೇಡಂ ಬಿಡಿಸಿ ಬರೆಸಿದರು. ಕಬ್ಬಿಣದ ಜಾಲರಿ, ಕೊಪ್ಪರಿಗೆ, ತಗಡಿನ ಹೊಗೆಗೂಡು ಯಂತ್ರೋಪಕರಣದ ಕಡೆ, ಇಟ್ಟಿಗೆ ಮಾತ್ರ ಸಿವಿಲ್ ಕಡೆ. ಕೊಟೇಶನ್ ತರುವಾಗಲೇ ಹೀಗೆ ಬೇರೆ ಬೇರೆ ತನ್ನಿ.

ಆದರೂ ಮೊದಲ ಅರ್ಜಿ ಬ್ಯಾಂಕಿನಿಂದ ವಾಪಸ್ ಬಂತು. ಎರಡು ತಿಂಗಳು ಯಾಕೆ ಅಂತಲೂ ಯಾರೂ ಹೇಳಲಿಲ್ಲ. ಇದು ನನಗೆ ನಿಜಕ್ಕೂ ಬೇಸರ ತಂದ ಸಂಗತಿ. ಆರನೇ ಸಲ ಹೋದಾಗ ಗೊತ್ತಾಗಿದ್ದು, ಸಂಬಂಧಿಕರ ಟ್ರ್ಯಾಕ್ಟರ್ ಸಾಲಕ್ಕೆ ನಾನು ಜಾಮೀನು ಹಾಕಿದ್ದೆ, ಅದರ ಮೂರು ಕಂತು ಬಾಕಿ ಇತ್ತು. ಸಾಲ ತೀರಿಸುವ ಚರಿತ್ರೆಗೆ ಅಂಕ ಕೊಡುವ ಸಿಬಿಲ್‌ನಲ್ಲಿ ನನ್ನ ಹೆಸರೂ ಕೆಳಗೆ ಬಿದ್ದಿತ್ತು. ಅದನ್ನು ಕಟ್ಟಿಸಿ, ಹೊಸ ವರದಿ ತಂದು ಮತ್ತೆ ಹಾಕಿದೆವು. ಸಣ್ಣ ಉದ್ಯಮಗಳ ಉದ್ಯಮ್ ನೋಂದಣಿ, ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ಪತ್ರ, ಕರೆಂಟ್ ಬಿಲ್ ನೋಡಿಕೊಳ್ಳುವ ಮೊದಲು ನಿಮ್ಮ ಸಿಬಿಲ್ ನೋಡಿಕೊಳ್ಳಿ.

ಇನ್ನೊಂದು ಮಾತು. ಸಬ್ಸಿಡಿ ಅಂದ ತಕ್ಷಣ ದುಡ್ಡು ಕೈಗೆ ಬರುತ್ತದೆ ಅಂದುಕೊಳ್ಳಬೇಡಿ. ನಾನು 1 ಲಕ್ಷ ಕೈಯಿಂದ ಹಾಕಿದೆ, 9 ಲಕ್ಷ ಸಾಲ. ಸಬ್ಸಿಡಿಯ 5 ಲಕ್ಷ ಬ್ಯಾಂಕಿನಲ್ಲೇ ಬೇರೆ ಖಾತೆಯಲ್ಲಿ ಕೂರುತ್ತದೆ. ಮೂರು ವರ್ಷ ಕಂತು ಸರಿಯಾಗಿ ಕಟ್ಟಿ, ಘಟಕ ನಡೆಯುತ್ತಿದ್ದರೆ ಆಗ ಸಾಲಕ್ಕೆ ಜಮೆ ಆಗುತ್ತದೆ. ಅಲ್ಲಿಯವರೆಗೆ ಕಂತು ಕಟ್ಟುವ ತಾಕತ್ತು ಇದೆಯೇ ಅಂತ ನೋಡಿಕೊಂಡೇ ಇಳಿಯಬೇಕು.

ಮೋಟಾರಿನ ಕೆಲಸ ಸುಲಭವಾಗಿ ಮುಗಿಯಿತು. ಮೂರು ಸಲ ವೈಂಡಿಂಗ್ ಕಟ್ಟಿಸಿದ 25 ಎಚ್‌ಪಿ ತೆಗೆದು ಕರೆಂಟ್ ಕಡಿಮೆ ತಿನ್ನುವ ಐಇ3 ದರ್ಜೆಯ 20 ಎಚ್‌ಪಿ ಹಾಕಿದೆವು. ಸಾಕಾಯಿತು. ಕರೆಂಟ್ ಬಿಲ್ ಇಳಿಯಿತು.

ಒಲೆ ಅಷ್ಟು ಸುಲಭಕ್ಕೆ ಒಗ್ಗಲಿಲ್ಲ. ಮೊದಲ ವಾರ ಎರಡು ಕೊಪ್ಪರಿಗೆ ಬೆಲ್ಲ ಅಚ್ಚು ಕಟ್ಟಲೇ ಇಲ್ಲ. ಅಂಟಂಟಾಗಿ ಅಚ್ಚಿಗೇ ಹಿಡಿದುಕೊಂಡಿತು. ಹದ ತಪ್ಪಿತು ಅಂತ ಎಲ್ಲರೂ ಮಾವನ ಮುಖ ನೋಡಿದರು. ಅವರು ಮೂರನೆಯ ಕೊಪ್ಪರಿಗೆಯ ಹಾಲನ್ನು ಬೆರಳಲ್ಲಿ ಅದ್ದಿ ನಾಲಿಗೆಗೆ ಇಟ್ಟುಕೊಂಡು, “ಹುಳಿ ಬಂದದೆ ಕಣಪ್ಪ” ಅಂದರು. ಸರಿಯಾಗಿ ಹಿಡಿದಿದ್ದರು. ಉಗುರು ಬೆಚ್ಚಗಿನ ಹಾಲು ಅಲ್ಲಿ ಗಂಟೆಗಟ್ಟಲೆ ನಿಂತು ಹುಳಿಯಾಗುತ್ತಿತ್ತು. ಅಂದಿನಿಂದ ಗಾಣ ಮತ್ತು ಒಲೆಗೆ ಹೊತ್ತು ಹೊಂದಿಸಿದೆವು. ಒಂದು ಪಾಕ ಇಳಿಯುವ ಹೊತ್ತಿಗೆ ಮುಂದಿನದಕ್ಕೆ ಬೇಕಾದಷ್ಟೇ ಹಾಲು ಅರೆಯುತ್ತೇವೆ. ಮೂರೂ ಕೊಪ್ಪರಿಗೆಯನ್ನು ಪ್ರತಿ ಸಂಜೆ ತೊಳೆಯುತ್ತೇವೆ.

ಈಗ 100 ಕೆಜಿ ಬೆಲ್ಲಕ್ಕೆ 190 ಕೆಜಿ ಸಿಪ್ಪೆ ಸಾಕು. ಸೌದೆ ಲೋಡು ನಿಂತಿತು. ಟೈರ್ ಅಂತೂ ನಮ್ಮ ಗೇಟಿನ ಒಳಗೇ ಬಂದಿಲ್ಲ. ಹೊಗೆ ತೆಳ್ಳಗೆ, ಬೂದು ಬಣ್ಣಕ್ಕೆ ಬರುತ್ತದೆ. ಸೌದೆಗೆ ಹೋಗುತ್ತಿದ್ದ ದುಡ್ಡು ಸೇರಿಸಿದರೆ ಕಂತಿನ ಬಹುಪಾಲು ಅಲ್ಲೇ ಹುಟ್ಟುತ್ತದೆ.

ಒಂದು ಕೆಲಸ ಬಾಕಿ ಇದೆ. ಸಿಪ್ಪೆ ಒಣಗಿಸಲು ಮೇಲೆ ಶೀಟು ಹಾಕಿದ ಜಾಗ ಬೇಕು. ಅದನ್ನು ಯೋಜನೆಯಲ್ಲಿ ಸೇರಿಸಲು ನನಗೆ ಹೊಳೆಯಲೇ ಇಲ್ಲ. ಮಳೆ ಬಂದ ವಾರ ಹಸಿ ಸಿಪ್ಪೆ ಹಾಕಿದರೆ ಹೊಸ ಒಲೆಯೂ ಹೊಗೆಯನ್ನೇ ಕಾರುತ್ತದೆ. ತಕ್ಕಡಿ ಇನ್ನೂ ಒಲೆ ಪಕ್ಕದಲ್ಲೇ ಇದೆ. ಈ ಸಲ ಒಣ ಸಿಪ್ಪೆ, ಹಸಿ ಸಿಪ್ಪೆ ಅಂತ ಬೇರೆ ಬೇರೆ ಬರೆದಿಡುತ್ತಿದ್ದೇವೆ.